ಪ್ಲೇಟೋ ಮತ್ತು ಅಟ್ಟದ ಹಂಡೆ

ಪ್ಲೇಟೋನನ್ನು ಓದುವವರಿಗೆ ಹಳೆಯದೊಂದು ತಲೆನೋವಿದೆ. ‘ಫೀಡೊ’ ಎಂಬ ಸಂವಾದದಲ್ಲಿ ಆತ್ಮ ಬಿಡಿಭಾಗಗಳಿಲ್ಲದ ಅಖಂಡ ವಸ್ತು ಎನ್ನುವಂತೆ ವಾದಿಸುವ ಸಾಕ್ರಟೀಸ್, ‘ರಿಪಬ್ಲಿಕ್’ನ ನಾಲ್ಕನೇ ಭಾಗದಲ್ಲಿ ಅದೇ ಆತ್ಮವನ್ನು ವಿವೇಕ, ಕೆಚ್ಚು, ಆಸೆ ಅಂತ ಮೂರು ಪಾಲು ಮಾಡಿಬಿಡುತ್ತಾನೆ. ಪ್ಲೇಟೋ ಬೆಳೆಯುತ್ತಾ ಮನಸ್ಸು ಬದಲಾಯಿಸಿದ ಎನ್ನುತ್ತದೆ ಒಂದು ಪಂಗಡ. ಅವನ ಮತ ಮೊದಲಿಂದ ಕೊನೆಯವರೆಗೂ ಒಂದೇ ಎನ್ನುತ್ತದೆ ಇನ್ನೊಂದು.

ನಾನು ಮೊದಲನೇ ಪಂಗಡ. ಗಂಡಂದಿರಿಗೆ ಇದಕ್ಕಿಂತ ಅನುಕೂಲದ ಸಿದ್ಧಾಂತವಿಲ್ಲ. ಯುಗಾದಿಗೆ ಮುಂಚೆ ನನ್ನವಳು, “ರೀ, ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಿಕೊಡಿ” ಅಂದಿದ್ದಳು. ದಸರಾ ಹೊತ್ತಿಗೆ, “ನೀವು ಅದನ್ನ ಮುಟ್ಟೋದೇ ಬೇಡ ಬಿಡಿ” ಅಂದಳು. ಪೂರ್ವಮತ, ಉತ್ತರಮತ! ಕೊನೆಯದೇ ಪ್ರಮಾಣವೆಂದು ನಿರ್ಧರಿಸಿ ಕಾಲು ಚಾಚಿದೆ.

ಯಾವ ಸಂವಾದ ಮೊದಲು, ಯಾವುದು ಆಮೇಲೆ ಎಂಬ ಕಾಲನಿರ್ಣಯಕ್ಕೂ ದಾರಿಯುಂಟು. 1867ರಲ್ಲಿ ಲೂಯಿಸ್ ಕ್ಯಾಂಬೆಲ್ ಎಂಬ ಪ್ರೊಫೆಸರು ಪ್ಲೇಟೋನ ಪದಬಳಕೆಯನ್ನೇ ಜಾಲಾಡಿ, ‘ಸೋಫಿಸ್ಟ್’, ‘ಸ್ಟೇಟ್ಸ್‌ಮನ್’ ಎರಡೂ ಇಳಿವಯಸ್ಸಿನ ‘ಲಾಸ್’ಗೆ ಹತ್ತಿರದವು ಎಂದು ತೋರಿಸಿದರು. ಹೇಳಿದ್ದೇನು ಅನ್ನೋದನ್ನ ಬದಿಗಿಟ್ಟು, ಹೇಳಿದ ಶೈಲಿಯನ್ನಷ್ಟೇ ಗಮನಿಸುವ ವಿಧಾನ. ನನಗಂತೂ ಇದು ಮದುವೆಯಾದಾಗಿನಿಂದ ರೂಢಿ. ಇವಳ ಮಾತಲ್ಲಿ ‘ರೀ’ ಕಡಿಮೆಯಾಗಿ ಪಾತ್ರೆ ಕುಕ್ಕುವ ಸದ್ದು ಜಾಸ್ತಿಯಾದರೆ ಅದು ಉತ್ತರಕಾಲ.

ಇಷ್ಟನ್ನೂ ಅವಳಿಗೆ ವಿವರಿಸುವ ಹುಮ್ಮಸ್ಸಿನಲ್ಲಿ ಇನ್ನೊಂದು ವಿಧಾನವನ್ನೂ ಬಾಯಿಬಿಟ್ಟೆ. ಪ್ಲೇಟೋ ತನ್ನ ಸಂವಾದಗಳಲ್ಲಿ ತಾನಾಗಿ ಒಂದು ಮಾತೂ ಆಡುವುದಿಲ್ಲ. (ಅವನಿಗೆ ಮದುವೆಯಾದ ದಾಖಲೆಯಿಲ್ಲ, ಈ ಜಾಣತನ ಎಲ್ಲಿಂದ ಬಂತೋ.) ಹಾಗಾಗಿ ಯಾರು, ಯಾರಿಗೆ, ಎಲ್ಲಿ ಹೇಳಿದರು ಅನ್ನೋದನ್ನ ನೋಡಬೇಕು. ‘ಫೀಡೊ’ ನಡೆಯುವುದು ಸಾಕ್ರಟೀಸ್ ವಿಷ ಕುಡಿಯುವ ದಿನ, ಸೆರೆಮನೆಯಲ್ಲಿ, ಅಳುಮೋರೆಯ ಗೆಳೆಯರ ನಡುವೆ. ‘ರಿಪಬ್ಲಿಕ್’ ಬಂದರು ಪಟ್ಟಣದ ಒಂದು ಮನೆಯಲ್ಲಿ, ಹಬ್ಬದ ದಿನ.

“ಸರಿ” ಅಂದಳು. “ದಸರಾದಲ್ಲಿ ನಾನು ಹಾಗಂದಾಗ ಎದುರಿಗೆ ಯಾರಿದ್ರು?”

“ನಿನ್ನ ತಮ್ಮ.”

“ಅವನೆದುರು ನಿಮ್ಮ ಮಾನ ಉಳಿಸೋಕೆ ಅಂದೆ. ಈಗ ಹಂಡೆ ಬೇಕೋ ಬೇಡವೋ?”

“ಬೇಕು.”

“ಬೇಕಾದ್ದು ಅಟ್ಟದ ಮೇಲೆ ಕೂತಿದ್ರೆ ಉಪಯೋಗ ಉಂಟಾ?”

“ಇಲ್ಲ.”

“ಅದಾಗೇ ಇಳಿದು ಬರುತ್ತಾ?”

“ಖಂಡಿತ ಇಲ್ಲ.”

ಪ್ಲೇಟೋನ ಇನ್ನೊಂದು ಸಂವಾದದಲ್ಲಿ ಸಾಕ್ರಟೀಸ್ ಎದುರು ಹೀಗೇ ಸಿಕ್ಕಿಬಿದ್ದ ಯೂಥಿಫ್ರೋ, ಕೊನೆಗೆ ‘ಅರ್ಜೆಂಟ್ ಕೆಲಸ ಇದೆ’ ಅಂತ ಜಾರಿಕೊಂಡ. ಅವನೇನೋ ಕೋರ್ಟಿನ ಪಡಸಾಲೆಯಲ್ಲಿದ್ದ, ಓಡಬಹುದಿತ್ತು. ನಾನು ಅಷ್ಟರಲ್ಲಿ ಏಣಿಯ ಮೇಲಿದ್ದೆ; ಏಣಿ ಹಿಡಿದುಕೊಂಡಿದ್ದವಳು ಅವಳು.