ತೊಡೆಗೆ ಹೊಡೆದರೆ ಫೌಲ್

ಗೇರುಸೊಪ್ಪದಲ್ಲಿ ಬಾಕ್ಸಿಂಗ್ ರಿಂಗ್ ಇಲ್ಲ. ಶರಾವತಿ ಇದೆ, ಅದಕ್ಕೆ ಅಡ್ಡ ಕಟ್ಟಿದ ಟೇಲ್‌ರೇಸ್ ಅಣೆಕಟ್ಟಿದೆ, ಬಂಗಾರಮಕ್ಕಿಯಲ್ಲಿ ವೀರಾಂಜನೇಯನಿದ್ದಾನೆ, ಘಟ್ಟ ಹತ್ತುವ ಮುಂಚೆ ಲಾರಿಯವರು ಇಳಿದು ಚಾ ಕುಡಿಯುವ ಅಂಗಡಿಗಳಿವೆ. ರಿಂಗ್ ಇಲ್ಲವೆಂದ ಮಾತ್ರಕ್ಕೆ ಬಾಕ್ಸಿಂಗ್ ಬಗ್ಗೆ ತೀರ್ಪು ಕೊಡುವವರಿಗೆ ಬರವೇನಿಲ್ಲ. 2024ರ ಜನವರಿಯಲ್ಲಿ ಮೇರಿ ಕೋಮ್ ನಿವೃತ್ತಿ ಎಂದು ಪೇಪರಿನಲ್ಲಿ ಬಂದ ದಿನ, ಅಡಿಕೆ ದರ ಮಾತಾಡಲು ಕೂತವರೂ ದರ ಬಿಟ್ಟು ಅದನ್ನೇ ಹಿಡಿದರು. ಒಬ್ಬರು ‘ಮೂರು ವರ್ಷದ ಹಿಂದೇ ಬಿಡಬೇಕಿತ್ತು’ ಅಂದರು. ಇನ್ನೊಬ್ಬರು ‘ಲಂಡನ್ ಒಲಿಂಪಿಕ್ಸ್ ಆದ ಮರುದಿನವೇ ಬಿಟ್ಟಿದ್ದರೆ ಮರ್ಯಾದೆ ಇರ್ತಿತ್ತು’ ಅಂದರು. ಮೂರನೆಯವರಿಗೆ ಆಕೆ ಬಾಕ್ಸಿಂಗ್ ಶುರು ಮಾಡಿದ್ದೇ ಅಷ್ಟು ಸರಿ ಕಂಡಿರಲಿಲ್ಲ. ಬೆನ್ನಿಗೇ ಆಕೆ ತಾನು ಹಾಗೆ ಹೇಳಿಯೇ ಇಲ್ಲ, ನಲವತ್ತು ದಾಟಿದವರನ್ನು ನಿಯಮ ಆಡಗೊಡುವುದಿಲ್ಲ ಎಂದಷ್ಟೇ ಹೇಳಿದ್ದು ಎಂದರು. ಅಷ್ಟರೊಳಗೆ ನಮ್ಮವರು ಶ್ರದ್ಧಾಂಜಲಿಯನ್ನೂ ಮುಗಿಸಿ ಎದ್ದಿದ್ದರು.

ಆರು ಸಲ ವಿಶ್ವ ಚಾಂಪಿಯನ್ ಆದವಳು. ಆದರೂ ಆ ದಿನ ಎಲ್ಲರ ಬಾಯಲ್ಲಿ ಇದ್ದದ್ದು ಟೋಕಿಯೋದ ಒಂದೇ ಪಂದ್ಯ. 2021ರ ಜುಲೈಯಲ್ಲಿ ಕೊಲಂಬಿಯಾದ ಇಂಗ್ರಿತ್ ವಾಲೆನ್ಸಿಯಾ ಎದುರು 3-2ರಲ್ಲಿ ಸೋತದ್ದು. ಕಡೆಯ ಎರಡು ಸುತ್ತು ಮೇರಿಯದೇ ಮೇಲುಗೈ, ಮೊದಲ ಸುತ್ತಿನ ಬಾಕಿ ಮಾತ್ರ ತೀರಲಿಲ್ಲ. ಗೆದ್ದೆ ಎಂದುಕೊಂಡೇ ಆಕೆ ರಿಂಗಿನಿಂದ ಇಳಿದರಂತೆ. ಐದು ಜಡ್ಜುಗಳು ರಿಂಗಿನ ಸುತ್ತ ಬೇರೆ ಬೇರೆ ಬದಿಗೆ ಕೂತಿರುತ್ತಾರೆ. ಸುತ್ತು ಗೆದ್ದವರಿಗೆ ಹತ್ತು, ಸೋತವರಿಗೆ ಸಾಮಾನ್ಯವಾಗಿ ಒಂಬತ್ತು. ನಮ್ಮ ನಗರಬಸ್ತಿಕೇರಿಯ ಚತುರ್ಮುಖ ಬಸದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವುದರಲ್ಲಿ ನಿಂತರೂ ತೀರ್ಥಂಕರರ ಮುಖವೇ ಕಾಣುತ್ತದೆ. ಬಾಕ್ಸರುಗಳಿಗೆ ಆ ಪುಣ್ಯವಿಲ್ಲ. ಈ ಬದಿಯ ಜಡ್ಜಿಗೆ ಗುದ್ದು ಕಂಡರೆ ಆ ಬದಿಯವನಿಗೆ ಬರೀ ಬೆನ್ನು.

ಹಾಗೆ ನೋಡಿದರೆ ಹೊನ್ನಾವರ ಸೀಮೆಯವರಿಗೆ ಹೆವಿವೇಯ್ಟ್ ಕಾಳಗ ಹೊಸತಲ್ಲ. ಗದಾಯುದ್ಧದ ಯಕ್ಷಗಾನ ಆಟ ನೋಡುತ್ತಲೇ ಬೆಳೆದವರು ನಾವು. ಬಾಕ್ಸಿಂಗ್ ರೂಲ್ಸು ಓದಿದ ಮೇಲೆ ನನಗೆ ಆ ಪ್ರಸಂಗವೇ ಬೇರೆಯಾಗಿ ಕಾಣತೊಡಗಿದೆ. ಕೌರವ ಅಂದರೆ ಯಾರು? ಬಳಗವೆಲ್ಲ ಮುಗಿದು, ಇನ್ನು ಸಾಕು ಎಂದು ವೈಶಂಪಾಯನ ಸರೋವರದೊಳಗೆ ಹೋಗಿ ಕೂತವನು. ಅಂದರೆ ನಿವೃತ್ತ. ಅವನ ಪಾಡಿಗೆ ಬಿಡಬಹುದಿತ್ತು. ಬಿಡಲಿಲ್ಲ. ದಂಡೆಯ ಮೇಲೆ ನಿಂತು ಹಂಗಿಸಿ ಹಂಗಿಸಿ ಎಬ್ಬಿಸಿದರು. ಜಗತ್ತಿನಲ್ಲಿ ಎಷ್ಟೋ ಬಾಕ್ಸರುಗಳು ಎರಡನೇ ಸಲ ರಿಂಗ್ ಹತ್ತಿದ್ದು ಇದೇ ಕಾರಣಕ್ಕೆ. ಅವರಿಗೆ ಭೀಮನ ಜಾಗದಲ್ಲಿ ಪ್ರೊಮೋಟರ್ ಇರುತ್ತಾನೆ, ಕೈಯಲ್ಲಿ ಗದೆಯ ಬದಲು ಚೆಕ್ಕು.

ಎದ್ದು ಬಂದವನಿಗೆ ಧರ್ಮರಾಯ ಒಂದು ಮಾತು ಕೊಡುತ್ತಾನೆ: ನಮ್ಮೈವರಲ್ಲಿ ಯಾರನ್ನಾದರೂ ಆರಿಸಿಕೋ, ಒಬ್ಬನನ್ನು ಗೆದ್ದರೂ ರಾಜ್ಯ ನಿನ್ನದು. ಕೃಷ್ಣ ತಲೆ ಚಚ್ಚಿಕೊಂಡ, ಇವನು ಹೀಗೆ ಜೂಜಾಡಿಯೇ ಇಲ್ಲಿವರೆಗೆ ಬಂದದ್ದು ಅಂತ. ನಕುಲನನ್ನೋ ಸಹದೇವನನ್ನೋ ಕರೆದಿದ್ದರೆ ಎರಡು ನಿಮಿಷದ ಕೆಲಸ. ಕೌರವ ಕರೆಯಲಿಲ್ಲ. ತೂಕದ ವರ್ಗವನ್ನು ತಾನೇ ನೋಡಿಕೊಂಡು, ಸಮಬಲದವನ ಎದುರೇ ನಿಂತ. ಇಡೀ ಜನ್ಮದಲ್ಲಿ ಮಾಡಿದ ಅನ್ಯಾಯದ ಲೆಕ್ಕ ಒಂದು ಕಡೆ ಇಟ್ಟರೆ, ಈ ಒಂದು ಆಯ್ಕೆಗೆ ನಾನಂತೂ ಅವನಿಗೆ ಹತ್ತು ಅಂಕ ಕೊಡುತ್ತೇನೆ. ಆಮೇಲೆ ಆದದ್ದು ಗೊತ್ತೇ ಇದೆ. ಕೃಷ್ಣ ತೊಡೆ ತಟ್ಟಿ ತೋರಿಸಿದ, ಭೀಮ ತೊಡೆಗೇ ಬಾರಿಸಿದ. ಸೊಂಟದ ಕೆಳಗೆ ಹೊಡೆದರೆ ಫೌಲ್. ಇಬ್ಬರಿಗೂ ಗದೆ ಕಲಿಸಿದ ಬಲರಾಮ ತೀರ್ಥಯಾತ್ರೆ ಮುಗಿಸಿ ಅಲ್ಲಿಗೇ ಬಂದಿದ್ದವನು ನೇಗಿಲೆತ್ತಿ ಎದ್ದ. ರೆಫ್ರಿ ಅಂದರೆ ಹಾಗಿರಬೇಕು. ಆದರೆ ತಮ್ಮ ಕೃಷ್ಣ ಸಮಾಧಾನ ಹೇಳಿದ್ದಕ್ಕೆ ಸುಮ್ಮನಾದ. ರೆಫ್ರಿಗಳು ಹಾಗೂ ಇರುತ್ತಾರೆ. ದಾಖಲೆಯ ಪ್ರಕಾರ ಗೆದ್ದವನು ಭೀಮ. ಆದರೆ ಸಾಹಸಭೀಮ ವಿಜಯವೆಂದು ತನ್ನ ದೊರೆ ಸತ್ಯಾಶ್ರಯನಿಗೆ ಭೀಮನ ವೇಷ ತೊಡಿಸಿ ಬರೆಯಹೊರಟ ರನ್ನನ ಪುಸ್ತಕ ಓದಿ ಮುಗಿಸಿದವರು ಭೀಮನಿಗಾಗಿ ಅಳುವುದಿಲ್ಲ.

ಗೇರುಸೊಪ್ಪದವರಿಗೆ ಇದೇ ತರದ ಇನ್ನೊಂದು ಪಂದ್ಯ ಮನೆಯಲ್ಲೇ ನಡೆದಿದೆ. ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದಳು. ಪೋರ್ಚುಗೀಸರು ಬಂದೂಕು ಹಿಡಿದು ಬಂದಾಗ ಎದುರು ನಿಂತಳು, ಶಾಂತಿ ಇದ್ದಾಗ ಮೆಣಸು ಮಾರಿ ಅವರ ಕೈಯಿಂದಲೇ ದುಡ್ಡು ಎಣಿಸಿಕೊಂಡಳು. ಮೆಣಸಿನ ರಾಣಿ ಎಂಬ ಬಿರುದು ಕೊಟ್ಟವರು ಅವರೇ. ಕೊನೆಗೆ ಮುದಿಪ್ರಾಯದಲ್ಲಿ ಕೆಳದಿಯ ವೆಂಕಟಪ್ಪ ನಾಯಕ, ಜೊತೆಗೆ ಬಿಳಗಿಯವರು. ಸೋತಳು, ಸೆರೆಯಾದಳು, ಸೆರೆಯಲ್ಲೇ ತೀರಿಕೊಂಡಳು. ಇದಾಗಿ ಹದಿನೇಳು ವರ್ಷಕ್ಕೆ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಹೊಳೆಯಲ್ಲಿ ದೋಣಿ ಹತ್ತಿ ಗೇರುಸೊಪ್ಪಕ್ಕೆ ಬಂದ. ಹೊಳೆಯ ಚಂದವನ್ನು ಬಾಯಿತುಂಬ ಹೊಗಳಿದ. ಊರು ಹಾಳು ಸುರಿದು ಕಾಡಾಗಿದ್ದನ್ನು ಕಂಡ. ರಾಣಿಯ ಬಗ್ಗೆ ಯಾರನ್ನು ಕೇಳಿದನೋ, ಯಾರೋ ಪರದೇಶಿ ಗಂಡಸಿನ ಮೋಹಕ್ಕೆ ಬಿದ್ದು ರಾಜ್ಯ ಕಳಕೊಂಡಳು ಎಂದು ಬರೆದುಕೊಂಡು ಹೋದ. ಐವತ್ತನಾಲ್ಕು ವರ್ಷದ ದರಬಾರಿಗೆ ದಾರಿಹೋಕನೊಬ್ಬ ಕೊಟ್ಟ ತೀರ್ಪು ಇದು! ಅವನ ಕಿವಿಗೆ ಊದಿದವರು ಆ ಕಾಲದ ಚಾ ಅಂಗಡಿಯವರೇ ಇರಬೇಕು. ಈಗ ಕಾಲ ತಿರುಗಿದೆ. ಗಜಾನನ ಶರ್ಮರು ಆಕೆಯ ಮೇಲೆ ದೊಡ್ಡ ಕಾದಂಬರಿ ಬರೆದಿದ್ದಾರೆ, ಬಸದಿ ನೋಡಲು ಬಂದವರು ಮೆಣಸಿನ ರಾಣಿಯ ಊರು ಇದೇನಾ ಎಂದು ಕೇಳುತ್ತಾರೆ. ಗೆದ್ದ ವೆಂಕಟಪ್ಪ ನಾಯಕನ ಹೆಸರು ಹೇಳಿ ದಾರಿ ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಸರಿಯಾದ ಹೊತ್ತಿಗೆ ಬಿಡಬೇಕು ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಈ ಸೀಮೆಯ ದೊಡ್ಡ ಕಲಾವಿದರು ಯಾರೂ ಆ ಮಾತು ಕೇಳಲಿಲ್ಲ. 1933ರಲ್ಲಿ ಹುಟ್ಟಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಬೇರೆಯವರಾಗಿದ್ದರೆ ಅದನ್ನೇ ಗೋಡೆಗೆ ಹಾಕಿ ಮಂಚ ಹತ್ತುತ್ತಿದ್ದರು. ಇವರು 2017ರಲ್ಲಿ ತೀರಿಕೊಳ್ಳುವ ವರ್ಷದಲ್ಲೂ ಗೆಜ್ಜೆ ಬಿಚ್ಚಿರಲಿಲ್ಲ. ಕೆರೆಮನೆ ಶಂಭು ಹೆಗಡೆಯವರಿಗಂತೂ 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿ ಇರುವಾಗಲೇ ಎದೆನೋವು ಬಂತು. ಅವರ ಆಟ ಇಳಿಮುಖವಾಗಿತ್ತೇ ಎಂಬ ಚರ್ಚೆ ಮಾಡಬಹುದು. ಆದರೆ ಇಲ್ಲಿ ಆಟ ಕಂಡವರು ಹಾಗೆ ಲೆಕ್ಕ ಇಡುವುದಿಲ್ಲ. ಚಿಟ್ಟಾಣಿ ಅಂದ ಕೂಡಲೇ ಅವರ ಕಣ್ಣೆದುರು ಬರುವುದು ಯಾವುದೋ ಬಯಲಿನಲ್ಲಿ, ಯಾವುದೋ ವರ್ಷ ಕಂಡ ಕೀಚಕ, ಭಸ್ಮಾಸುರ. ಕಡೇ ಆಟ ಯಾವುದಾಗಿತ್ತು ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ, ಉಳಿದರ್ಧ ತಮ್ಮೂರಿನದೇ ಕಡೇದು ಎಂದು ವಾದ ಮಾಡುತ್ತಾರೆ.

ಇಲ್ಲಿಗೆ ನನ್ನ ವಾದ ಸ್ವಲ್ಪ ಕುಂಟುತ್ತದೆ. ಆಟದಲ್ಲಿ ಕೀಚಕನಿಗೆ ಬೀಳುವ ಪೆಟ್ಟು ಬೆಳಿಗ್ಗೆ ಬಣ್ಣದ ಜೊತೆ ತೊಳೆದು ಹೋಗುತ್ತದೆ, ರಿಂಗಿನಲ್ಲಿ ಹೋಗುವುದಿಲ್ಲ. ಮುಹಮ್ಮದ್ ಅಲಿ 1979ರಲ್ಲಿ ನಿವೃತ್ತನೆಂದು ಹೇಳಿ, ಮರುವರ್ಷವೇ ಲ್ಯಾರಿ ಹೋಮ್ಸ್ ಎದುರು ನಿಂತ. ಹತ್ತು ಸುತ್ತು ಹೊಡೆಸಿಕೊಂಡ ಮೇಲೆ ಅವನ ತರಬೇತುದಾರ ಏಂಜೆಲೊ ಡಂಡಿಯೇ ಸಾಕು ಎಂದು ನಿಲ್ಲಿಸಿದ. ಅಷ್ಟಾದರೂ ಬುದ್ಧಿ ಬರದೆ 1981ರ ಡಿಸೆಂಬರಿನಲ್ಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಜೊತೆ ಕೊನೆಯ ಪಂದ್ಯ. ಅಲ್ಲಿಯ ಏರ್ಪಾಡು ಎಷ್ಟು ಚಂದವಿತ್ತೆಂದರೆ ಸುತ್ತು ಶುರುಮಾಡಲು ಗಂಟೆಯೇ ಇರಲಿಲ್ಲ. ದನದ ಕೊರಳಿನ ಗಂಟೆ ತಂದು ಬಾರಿಸಿದರು. ಜಗತ್ತಿನ ಅತಿದೊಡ್ಡ ಬಾಕ್ಸರನ ಕಡೆಯ ಸಂಜೆಗೆ ಕೊಟ್ಟಿಗೆಯ ಸದ್ದು. ಮೂರು ವರ್ಷದೊಳಗೆ ಅವನಿಗೆ ಪಾರ್ಕಿನ್ಸನ್ಸ್ ಲಕ್ಷಣಗಳಿವೆ ಎಂದು ಹೊರಬಿತ್ತು. ಹೋಮ್ಸ್ ಎದುರು ಹತ್ತಬಾರದಿತ್ತು ಎಂದು ನಾನೂ ಹೇಳುತ್ತೇನೆ. ಆದರೆ ಅದು ಅವನ ಮೈಯ ಮೇಲಿನ ಕನಿಕರದ ಮಾತು, ಅವನ ಅಂಕದಿಂದ ಕಳೆಯುವ ಮಾತಲ್ಲ. ಇವೆರಡನ್ನು ಕಲಸಿಬಿಡುವುದರಲ್ಲೇ ಕ್ರೀಡಾ ಪುಟಗಳವರ ಜಾಣತನವೆಲ್ಲ ಇದೆ. ಫಿಲಿಪ್ಪೀನ್ಸಿನ ಪಾಕಿಯಾವೊ ಎಂಟು ತೂಕದ ವರ್ಗಗಳಲ್ಲಿ ಗೆದ್ದವನು, 2021ರಲ್ಲಿ ಸೋತು ನಿವೃತ್ತನಾದಾಗ ಅಗ್ರಲೇಖನ ಬರೆದು ಕಳಿಸಿಕೊಟ್ಟರು. 2025ರಲ್ಲಿ ನಲವತ್ತಾರರ ಪ್ರಾಯಕ್ಕೆ ಮತ್ತೆ ಬಂದು ಮಾರಿಯೊ ಬ್ಯಾರಿಯೋಸ್ ಜೊತೆ ಡ್ರಾ ಮಾಡಿಕೊಂಡಾಗ ಹಳೆ ಲೇಖನಗಳನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ನಮ್ಮಲ್ಲೂ ಒಬ್ಬರು ಹಿರಿಯ ವೇಷಧಾರಿಗಳಿದ್ದಾರೆ. ಹೆಸರು ಬೇಡ, ಓದಿದರೆ ಬೈಯುತ್ತಾರೆ. ಒಮ್ಮೆ ಚೌಕಿಯಲ್ಲಿ ಅವರು ಕೌರವನ ವೇಷ ಕಟ್ಟುವುದನ್ನು ನೋಡುತ್ತ ಕೂತಿದ್ದೆ. ಮುಖಕ್ಕೆ ಬಣ್ಣ ಆಗಿತ್ತು. ಕಾಲು ಚಾಚಿ, ಎಡಮಂಡಿಗೆ ಕ್ರೇಪ್ ಬ್ಯಾಂಡೇಜನ್ನು ಸುತ್ತಿನ ಮೇಲೆ ಸುತ್ತು ಬಿಗಿದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಸಿಕ್ಕಿಸಿದರು. ಬಣ್ಣದ ವಾಸನೆಗಿಂತ ನೋವಿನೆಣ್ಣೆಯ ವಾಸನೆ ಜೋರಾಗಿತ್ತು. ‘ಯಜಮಾನರೇ, ಇನ್ನು ಸಾಕಲ್ಲವೋ?’ ಎಂದೆ. ‘ಸಾಕು ಮಾರಾಯಾ, ಇದೇ ಕಡೇದು. ಮನೇಲೂ ಹೇಳಿ ಬಂದಿದ್ದೆ’ ಅಂದರು. ಅಷ್ಟರಲ್ಲಿ ಭಾಗವತರ ಪದ್ಯ ಕೇಳಿ ಎದ್ದು ಹೋದವರು, ಅರ್ಧ ಗಂಟೆ ಆ ಮಂಡಿಯಲ್ಲೇ ಗಿರಕಿ ಹೊಡೆದರು. ಮರುವಾರ ಸರ್ಕಲ್ಲಿನಲ್ಲಿ ಸನ್ಮಾನ ಆಯಿತು. ಶಾಲು, ಹಣ್ಣಿನ ಬುಟ್ಟಿ, ನಿವೃತ್ತ ಜೀವನ ಸುಖವಾಗಿರಲಿ ಎಂಬ ಭಾಷಣ. ಅವರು ಕಣ್ಣೊರೆಸಿಕೊಂಡು ಎಲ್ಲರಿಗೂ ಕೈಮುಗಿದರು. ತಿಂಗಳು ಕಳೆದು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಗದಾಯುದ್ಧದ ಹೊಸ ಕರಪತ್ರ ಅಂಟಿಸಿದ್ದರು. ಕೌರವನ ಪಾತ್ರಕ್ಕೆ ಅವರದೇ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಅತಿಥಿ ಕಲಾವಿದರು’.