ಬೇಲಿ ಹಾಕಿದರೆ ಹೂಳು ಕೇಳುತ್ತದೆಯೇ?

ಚಳ್ಳಕೆರೆ ಸೀಮೆಯ ವರವು ಕಾವಲಿಗೆ, ಅಂದರೆ ಅಲ್ಲಿನ ಹುಲ್ಲುಗಾವಲಿಗೆ, ಬೇಲಿ ಬಿದ್ದ ಮೇಲೆ ಕುರಿ ಹೊರಗೆ, ದನ ಹೊರಗೆ, ಅವುಗಳ ಹಿಂದೆ ಹೋಗುತ್ತಿದ್ದವರೂ ಹೊರಗೆ. ಒಕ್ಕಲೆಬ್ಬಿಸಲಾಗದೆ ಒಳಗೇ ಉಳಿದವು ಕಟ್ಟೆಗಳ ಹೂಳಿನಲ್ಲಿರುವ ಬ್ಯಾಕ್ಟೀರಿಯಾಗಳು ಮಾತ್ರ. ಗೇಟಿನಲ್ಲಿ ಅವಕ್ಕೆ ಪಾಸ್ ಕೇಳುವವರಿಲ್ಲ. ಆಧಾರ್ ಕೂಡ ಬೇಡ, ಪುಣ್ಯವಂತರು!

ಈ ಸೀಮೆಯ ಅಮೃತ ಮಹಲ್ ಕಾವಲುಗಳ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಅಣುಶಕ್ತಿಯವರು, ಭಾರತೀಯ ವಿಜ್ಞಾನ ಸಂಸ್ಥೆಯವರು ಎಂದು ಹಂಚಿಹೋಯಿತು. ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರಲ್ಲಿ ವಿಮಾನ ಪರೀಕ್ಷಾ ತಾಣದ ಉದ್ಘಾಟನೆಯೂ ಆಯಿತು. ಮೇಲೆ ಹಾರುವುದರ ಲೆಕ್ಕವೆಲ್ಲ ಪಕ್ಕಾ. ಕಟ್ಟೆಯ ತಳದಲ್ಲಿ ಕೂತಿರುವುದರ ಲೆಕ್ಕ ಯಾರ ಕಡತದಲ್ಲಿದೆ?

ತಳದಲ್ಲಿ ನಡೆಯುವುದು ವಿಧಾನಸೌಧದಲ್ಲಿ ನಡೆಯುವುದೇ: ವರ್ಗಾವಣೆ. ಮರಳು ಹೆಚ್ಚಿದ್ದರೆ ನೀರಾಡುತ್ತದೆ, ಆಮ್ಲಜನಕ ಉಸಿರಾಡುವ ಬ್ಯಾಕ್ಟೀರಿಯಾಗಳು ಕುರ್ಚಿಯಲ್ಲಿರುತ್ತವೆ. ಜಿಗಟು ಎರೆಯಾದರೆ ಅದರ ನುಣುಪು ಕಣಗಳು ತಾಮ್ರ, ಸತು, ಸೀಸ, ರಂಜಕ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಮೇಲೊಂದು ಚರಂಡಿ ಸೇರಿತೋ, ಆಮ್ಲಜನಕ ಖಾಲಿ. ಸಲ್ಫೇಟಿನಲ್ಲೇ ಬದುಕಿ ಕೊಳೆತ ಮೊಟ್ಟೆಯ ವಾಸನೆ ಬಿಡುವವು ಅಧಿಕಾರ ವಹಿಸಿಕೊಳ್ಳುತ್ತವೆ. ಲೋಹಕ್ಕೆ ಜಗ್ಗದ ತಳಿಗೆ ಬಡ್ತಿ. ಎಷ್ಟೋ ಸಲ ಆ ತಳಿಯ ಅದೇ ಜೀನುಗಂಟಿನಲ್ಲಿ ಆಂಟಿಬಯೋಟಿಕ್‌ಗೂ ಜಗ್ಗದ ಜೀನು ಇರುತ್ತದೆ. ಒಂದೇ ಶಿಫಾರಸಿಗೆ ಎರಡು ಹುದ್ದೆ!

ಹೂಳು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಉತ್ಪ್ರೇಕ್ಷೆ ಅನ್ನಿಸಿದರೆ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಹೋಗಿ. ಸೋಪುಪುಡಿಯ ಅಂಶ ಹೂಳಿಗಂಟಿ ತಳದಲ್ಲಿ ಕೂರುತ್ತದೆ, ಜೋರು ಮಳೆ ಬಂದಾಗ ಕದಡಿ ನೊರೆಯಾಗಿ ಏಳುತ್ತದೆ. ಇದನ್ನು ಬಿಡಿಸಿ ಹೇಳಿದವರು ಚಳ್ಳಕೆರೆ ಸೀಮೆಯ ಕುದಾಪುರದಲ್ಲಿ ಕ್ಯಾಂಪಸ್ ಮಾಡಿಕೊಂಡಿರುವ ಅದೇ ವಿಜ್ಞಾನ ಸಂಸ್ಥೆಯವರು. 2018ರ ಜನವರಿಯಲ್ಲಿ ಕೆರೆಗೆ ಬೆಂಕಿ ಬಿದ್ದು ಆರಿಸಲು 5,000 ಸೈನಿಕರು ಬಂದರು. ಕೆರೆಗೆ ಬೆಂಕಿ! ನೊರೆ ರಸ್ತೆಗೆ ಹಾರದಿರಲಿ ಎಂದು ಆಡಳಿತ ಮಾಡಿದ್ದೇನು? ಏರಿಯ ಪಕ್ಕ ಜಾಲರಿ ಕಟ್ಟಿತು. ಕುರಿಗೂ ಬೇಲಿ, ನೊರೆಗೂ ಬೇಲಿ.

ವರವಿನ ಕಟ್ಟೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಕೆಟ್ಟಿಲ್ಲ ಎನ್ನಬೇಕಾದರೂ ಮೊದಲು ಹೇಗಿತ್ತೆಂದು ಗೊತ್ತಿರಬೇಕಲ್ಲ? ನೀರು ಕೆಟ್ಟರೆ ಮುಂದಿನ ಮಳೆಗೆ ಹರಿದುಹೋದೀತು. ಹೂಳು ಹಿಡಿದದ್ದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಲ್ಲೇ ಇರುವುದೂ ಇಲ್ಲ. ಬೇಸಿಗೆಯಲ್ಲಿ ಕೆರೆಗೋಡಾಗಿ ಟ್ರ್ಯಾಕ್ಟರ್ ಹತ್ತಿ ಶೇಂಗಾ ಹೊಲ ಸೇರುತ್ತದೆ.

ಮಾನ್ಯ ವಿಜ್ಞಾನಿಗಳೇ, ಬೇಲಿಯ ಒಳಗೊಂದು, ಹೊರಗೊಂದು ಕಟ್ಟೆಯಿಂದ ಡಬ್ಬಿ ತುಂಬ ಕೆಸರು ತೆಗೆಯಿರಿ. ಯಾವ ಲೋಹ ಎಷ್ಟಿದೆ, ಯಾವ ಬ್ಯಾಕ್ಟೀರಿಯಾ ಕುರ್ಚಿಯಲ್ಲಿದೆ ಎಂದು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಿ. ಐದು ವರ್ಷ ಬಿಟ್ಟು ಇನ್ನೊಮ್ಮೆ ಅಂಟಿಸಿ. ಕೆಸರು ದೇಶದ ರಹಸ್ಯವೇನಲ್ಲ.