ನೇತ್ರಾಣಿ ನೋಡಿ ಬಂದವರು

ಹಿಂದೆ ನಮ್ಮ ಕಡೆ ಕಾಶಿಗೆ ಹೋಗಿ ಬಂದವರು ಮನೆಮನೆಗೂ ಒಂದೊಂದು ಉದ್ಧರಣೆ ಗಂಗೆ ಹಂಚಿ, ನಾಲ್ಕು ಜನಕ್ಕೆ ಊಟ ಹಾಕಿಸಿ ಸುಮ್ಮನಾಗುತ್ತಿದ್ದರು. ಈಗ ಸಮುದ್ರಕ್ಕೆ ಹೋಗಿ ಬಂದವರು ಏನನ್ನೂ ಹಂಚುವುದಿಲ್ಲ, ಸುಮ್ಮನೂ ಆಗುವುದಿಲ್ಲ. ಅದರಲ್ಲೂ ಮುರುಡೇಶ್ವರದಲ್ಲಿ ದೋಣಿ ಹತ್ತಿ, ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ಮುಖ ಇಟ್ಟು ಬಂದವರ ಕುಲವೇ ಬೇರೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಇಂಥವರೊಬ್ಬರು ಸಿಗುತ್ತಾರೆ. ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕ.

ಹಗರಿಬೊಮ್ಮನಹಳ್ಳಿಯಲ್ಲಿ ಅವರದು ಗೊಬ್ಬರದ ಅಂಗಡಿ. ಟಾರ್ಗೆಟ್ ಮುಟ್ಟಿಸಿದ ಡೀಲರುಗಳನ್ನು ಕಂಪನಿಯವರು ಟೂರಿಗೆ ಕರೆದೊಯ್ಯುತ್ತಾರಲ್ಲ, ಹಾಗೆ ಹೋದರು. ಹೋಗುವಾಗ ಕಳೆನಾಶಕದ ಬಗ್ಗೆ ಮಾತಾಡುತ್ತಿದ್ದ ಮನುಷ್ಯ ಬರುವಾಗ ಹವಳದ ಬಗ್ಗೆ ಮಾತಾಡುತ್ತಿದ್ದರು. ಹೊಸಪೇಟೆ ಸೀಮೆಯವರು ಅಂದಮೇಲೆ ಅಪ್ಪು ಅಭಿಮಾನಿ ಎಂದು ಬೇರೆ ಹೇಳಬೇಕಿಲ್ಲ. 2022ರಲ್ಲಿ ತೆರೆಗೆ ಬಂದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೇತ್ರಾಣಿಯ ನೀರಿಗೆ ಇಳಿದಿದ್ದರು. "ಅಪ್ಪು ಇಳಿದ ನೀರಾಗ ನಾನೂ ಇಳಿದೀನಿ ಮೇಷ್ಟ್ರೇ" ಎಂದು ಷಡ್ಡಕರು ಎದೆ ಮುಟ್ಟಿಕೊಳ್ಳುತ್ತಾರೆ. ಪುನೀತ್ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ತಳಕ್ಕೆ ಹೋದವರು. ಇವರು ಲೈಫ್ ಜಾಕೆಟ್ ತೊಟ್ಟು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಮೇಲೆ ತೇಲಿದವರು. ಅದೂ ದೋಣಿಯ ಹಗ್ಗ ಬಿಡದೆ ಎಂದು ನಮ್ಮ ಅತ್ತಿಗೆ ಒಳಮನೆಯಿಂದ ಸೇರಿಸುತ್ತಾರೆ. ಆದರೆ ಕೂಡ್ಲಿಗಿ ಕಡೆಯ ಬೋರ್‌ವೆಲ್‌ನಂತೆ ಅವರ ಕಥೆಯ ಆಳ ವರ್ಷ ವರ್ಷ ಹೆಚ್ಚುತ್ತಿದೆ. ಮೊದಲು ಆರು ಅಡಿ ಇತ್ತು. ಮೊನ್ನೆ ಹಡಗಲಿಯ ಗೃಹಪ್ರವೇಶದಲ್ಲಿ ಅರವತ್ತು ಮುಟ್ಟಿತು.

ಕೊಟ್ಟೂರಿನ ನಮ್ಮ ಮಾವನ ಮನೆಯಲ್ಲಿ ನಡೆದದ್ದನ್ನು ಮಾತ್ರ ವಿವರವಾಗಿ ಹೇಳಬೇಕು. ತೇರಿಗೆಂದು ನೆಂಟರೆಲ್ಲ ಸೇರಿದ್ದರು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಆಯಿತು. ಮಕ್ಕಳು "ದೊಡ್ಡಪ್ಪ, ನೀರಾಗ ಉಸಿರು ಹೆಂಗ ಬಿಟ್ರಿ?" ಎಂದು ಕೇಳಿಬಿಟ್ಟವು. ಕೇಳಬಾರದಿತ್ತು. ಷಡ್ಡಕರು ಕಾರಿನ ಡಿಕ್ಕಿಯಿಂದ ಕನ್ನಡಕ, ಕೊಳವೆ ತಂದರು. ಅವು ಸದಾ ಕಾರಿನಲ್ಲೇ ಇರುತ್ತವೆ, ಸ್ಟೆಪ್ನಿ ಇರುವುದಿಲ್ಲ. ಹಿತ್ತಲಿನ ದನದ ತೊಟ್ಟಿಯ ಮುಂದೆ ಮಂಡಿಯೂರಿ, ಬಿಳಿ ಅಂಗಿಯ ತೋಳು ಮಡಚಿ, ಮುಖ ಅದ್ದಿದರು. ಮೇಲೆ ಕೊಳವೆ ಮಾತ್ರ ಗೊರ್ ಗೊರ್ ಎನ್ನುತ್ತಿತ್ತು. ಅಷ್ಟರಲ್ಲಿ ಎಮ್ಮೆ ನೀರು ಕುಡಿಯಲು ಬಂತು. ಅದಕ್ಕೆ ನೇತ್ರಾಣಿ ಗೊತ್ತಿಲ್ಲ. ಆಚೆ ಬದಿಯಿಂದ ತಾನೂ ಮುಖ ಇಳಿಸಿತು. ನೀರಿನೊಳಗೆ ಯಾರು ಯಾರನ್ನು ಮೊದಲು ನೋಡಿದರೋ, ಎಮ್ಮೆ ಬಾಲ ಎತ್ತಿ ಬಣವೆಯ ಕಡೆ ಓಡಿತು, ಷಡ್ಡಕರು ತುಳಸಿಕಟ್ಟೆಯ ಕಡೆ. ಅತ್ತೆಯವರು ಮಾತ್ರ ಗಾಬರಿಯಾಗಲಿಲ್ಲ. "ಅಳಿಯಾರ, ಇನ್ನೊಮ್ಮೆ ಆ ತೊಟ್ಟ್ಯಾಗ ಮಾರಿ ಹಾಕಬ್ಯಾಡ್ರಿ. ಸಂಜಿಗೆ ಅದು ಹಾಲು ಕೊಡಬೇಕು" ಎಂದರು. ಸಂಜೆ ಎಮ್ಮೆ ನಿಜವಾಗಿಯೂ ಸೊರೆ ಬಿಡಲಿಲ್ಲ. ತೇರಿಗೆ ಬಂದವರೆಲ್ಲ ಕರಿ ಚಹಾ ಕುಡಿದೆವು.

ಮೀನಿನ ವಾಸನೆ ಬಂದರೆ ಹೋಟೆಲಿನಿಂದಲೇ ಎದ್ದು ಬರುವವರು ಷಡ್ಡಕರು. ಈಗ ಗಿಣಿಮೀನು, ಚಿಟ್ಟೆಮೀನು ಎಂದು ಬೀಗರ ಹೆಸರಿನಂತೆ ಒಪ್ಪಿಸುತ್ತಾರೆ. ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವುದು, ಹಿಂದೆ ನೌಕಾಪಡೆಯವರು ಅಲ್ಲಿನ ಬಂಡೆಗೆ ಗುರಿ ಇಟ್ಟು ಗುಂಡು ಹೊಡೆದು ಅಭ್ಯಾಸ ಮಾಡುತ್ತಿದ್ದದ್ದು, ಎಲ್ಲ ಬಾಯಿಪಾಠ. ಹೋಗುವ ಒಂದೂವರೆ ತಾಸೂ ವಾಂತಿ ಮಾಡಿದ್ದು ಮಾತ್ರ ನೆನಪಿಲ್ಲ. ನಮ್ಮ ಸೀಮೆಯದೇ ಆದ ಗುಡೇಕೋಟೆಯ ಕರಡಿಧಾಮದ ಮಾತೆತ್ತಿದರೆ "ಕರಡಿ ಏನ್ ನೋಡೋದ್ರಿ, ಶೇಂಗಾ ಹೊಲಕ್ಕ ತಾನೇ ಬರ್ತೈತಿ" ಎನ್ನುತ್ತಾರೆ. ಅದು ನಿಜವೂ ಹೌದು. ಬೆಳಗಿನ ಜಾವ ಹೊಲಕ್ಕೆ ಹೋಗುವವನಿಗೆ ಕರಡಿ ಪ್ರವಾಸದ ವಿಷಯವಲ್ಲ.

ನನಗೆ ಸಿಟ್ಟು ಬರುವುದು ಅಂಕಸಮುದ್ರದ ವಿಷಯಕ್ಕೆ. ಅದು ಅವರದೇ ತಾಲ್ಲೂಕು. ಸುಮಾರು 244 ಎಕರೆಯ ಕೆರೆ, ನೀರಿನಲ್ಲೇ ನಿಂತ ಜಾಲಿ ಮರಗಳು, ಅವುಗಳ ತುಂಬ ಬಣ್ಣದ ಕೊಕ್ಕರೆ, ನೀರುಕಾಗೆಗಳ ಗೂಡು. 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೇ ಗೊತ್ತಾದ ಜಾಗ. ಷಡ್ಡಕರಿಗೆ ಅಲ್ಲಿ ಗೊತ್ತಿದ್ದದ್ದು ಉದ್ರಿ ಬಾಕಿ ಉಳಿಸಿಕೊಂಡ ರೈತರು ಮಾತ್ರ. ಹಾಗೆಂದು ನಾನೇನು ದೊಡ್ಡ ಪಕ್ಷಿಪ್ರೇಮಿಯಲ್ಲ. ಅವರು ದ್ವೀಪ ಎಂದರೆ ನಾನು ಕೆರೆ ಎನ್ನಬೇಕು, ಅಷ್ಟೇ. ನನ್ನ ಹೆಂಡತಿಗೆ ಇದು ಗೊತ್ತು. "ಅಕ್ಕನ್ನ ಸಮುದ್ರಕ್ಕ ಕರ್ಕೊಂಡು ಹೋದ್ರು, ನೀವು ನನ್ನ ಮೈಲಾರ ದಾಟಿಸಿಲ್ಲ" ಎಂಬುದು ಅವಳ ವಾದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಒಂದು ರಾತ್ರಿ ಕರೆಂಟ್ ಹೋಗಿ ನಾನೂ ಷಡ್ಡಕರೂ ಮಾಳಿಗೆ ಮೇಲೆ ಮಲಗಿದ್ದೆವು. ಬೇರೆ ಕೇಳುವವರು ಯಾರೂ ಇಲ್ಲದ್ದರಿಂದ ಅವರ ದನಿ ಸಣ್ಣದಾಗಿತ್ತು. "ಮೇಷ್ಟ್ರೇ, ನಿಮಗ ಒಂದು ಹೇಳಿಲ್ಲ. ಮೀನು ಗೀನು ಬಿಡ್ರಿ. ನನ್ನ ನೆರಳು ಕೆಳಗ ಬಂಡೆ ಮ್ಯಾಲೆ ಬಿದ್ದಿತ್ತು. ನೀರು ಅಷ್ಟು ತಿಳಿ ಇರ್ತೈತಿ ಅಂತ ನನಗ ಗೊತ್ತಿರಲಿಲ್ಲ." ನಾನು ಆಕಳಿಸುವುದನ್ನು ನಿಲ್ಲಿಸಿದೆ. ನಮ್ಮ ಸೀಮೆಯವರು ಬಾವಿ ಬಗ್ಗಿ ನೋಡುವುದು ನೀರು ಎಷ್ಟಿದೆ ಎಂದು. ಒಳಗೆ ಏನಿದೆ ಎಂದು ನೋಡುವುದು ಕೊಡ ಬಿದ್ದಾಗ, ಪಾತಾಳಗರಡಿ ಇಳಿಸುವಾಗ ಮಾತ್ರ. ತುಂಗಭದ್ರೆ ಮಳೆಗಾಲದಲ್ಲಿ ಕೆಂಪು, ಬೇಸಿಗೆಯಲ್ಲಿ ಹಸಿರು. ಐವತ್ತು ದಾಟಿದ ಮನುಷ್ಯ ಮೊದಲ ಬಾರಿಗೆ ನೀರಿನ ತಳ ಕಂಡರೆ, ಪಾಪ, ನಾಲ್ಕು ಜನಕ್ಕೆ ಹೇಳದೆ ಹೇಗಿದ್ದಾರು? ಹೇಳಲಿ, ನಾಲ್ಕು ಜನಕ್ಕೆ ಹೇಳಲಿ. ನಾನೂರು ಜನಕ್ಕೆ ಹೇಳುತ್ತಾರೆ, ಕಷ್ಟ ಅದು.

ಕೊನೆಗೆ ಅವರನ್ನು ಅಂಕಸಮುದ್ರಕ್ಕೂ ಎಳೆದುಕೊಂಡು ಹೋದೆ. ಒಂದು ತಾಸು ಮಾತಾಡದೆ ನಿಂತರು. ಅಷ್ಟೇ ಸಾಕು ಎಂದು ನಾನು ಗೆದ್ದವನಂತೆ ಕಾರು ಹತ್ತಿದೆ. "ಹಕ್ಕಿ ಚಲೋ ಅದಾವ್ರಿ. ಆದ್ರ ನೇತ್ರಾಣ್ಯಾಗ..." ಎಂದು ಅವರು ಶುರುಮಾಡುವಾಗ ಮಾಲವಿಯ ಕ್ರಾಸ್ ಇನ್ನೂ ಬಂದಿರಲಿಲ್ಲ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. ಹೀಗಾಗಿ ಜೂನ್‌ನಿಂದ ಷಡ್ಡಕರು ಅಂಗಡಿಯಲ್ಲೇ ಇರುತ್ತಾರೆ, ಮೊಬೈಲಿನಲ್ಲಿ ವಿಡಿಯೋ ಸಮೇತ. ಯೂರಿಯಾ ಅರ್ಜೆಂಟಾಗಿ ಬೇಕಾದವರು ದಯವಿಟ್ಟು ಬೇರೆ ಅಂಗಡಿ ನೋಡಿಕೊಳ್ಳಿ.